ಎರಡು ಗಿಟಾರು, ನಾಲ್ಕು ಹೆಸರು

ಸಂಗೀತದ ವಿಷಯವನ್ನು ಬರೆಯಲು ಕನ್ನಡ ಪಾಠ ಹೇಳುವವನಿಗೆ ಏನು ಅಧಿಕಾರ ಎಂದು ವಾಚಕರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನಗೆ ಗಿಟಾರು ಬಾರದು. ವೀಣೆಯನ್ನು ಎದುರಿಗೆ ಕುಳಿತು ಕೇಳಿ ಬಲ್ಲೆನೇ ಹೊರತು ಮುಟ್ಟಿ ಬಲ್ಲವನಲ್ಲ. ಆದರೆ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ ಇಬ್ಬರು ತರುಣರು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದ ಕೂಡಲೆ ಎರಡು ಗಿಟಾರುಗಳನ್ನು ಹಿಡಿದು ಎದುರುಬದುರಾಗಿ ಕುಳಿತುಬಿಡುತ್ತಾರೆ. ಒಬ್ಬನಿಗೆ ಬ್ಯಾಂಕಿನಲ್ಲಿ ಕೆಲಸ, ಇನ್ನೊಬ್ಬನಿಗೆ ಔಷಧಿ ಮಾರುವ ಕೆಲಸ. ಅವರದು ವಿದ್ಯುತ್ತಿನ ಗಿಟಾರಲ್ಲ. ಮರದ ಹೊಟ್ಟೆಯ, ತಾನಾಗಿಯೇ ನುಡಿಯುವ ಗಿಟಾರು. ನುಡಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾರೆ, ಕೇಳುತ್ತಾರೆ, ತಲೆಯಾಡಿಸುತ್ತಾರೆ, ಅಳಿಸಿ ಮತ್ತೆ ಮೊದಲಿನಿಂದ ತೊಡಗುತ್ತಾರೆ. ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ನಾನು ಒಂದು ದಿನ ಬೇಸರದಿಂದ, ಸ್ವಲ್ಪ ಮೆಲ್ಲಗೆ ನುಡಿಸಿರಪ್ಪ ಎಂದು ಹೇಳಲು ಮೇಲೆ ಹತ್ತಿ ಹೋದೆ. ಹೇಳಬೇಕಾದ್ದನ್ನು ಮರೆತು ಒಂದು ಗಂಟೆ ಕುಳಿತು ಇಳಿದು ಬಂದೆ.

ಅಂದು ಅವರು ನನಗೆ ತಮ್ಮ ಗುರುಗಳೆಂದು ಕೇಳಿಸಿದ್ದು ಒಂದು ಹಳೆಯ ಅಮೆರಿಕನ್ ಗ್ರಾಮಫೋನ್ ಮುದ್ರಣ. ಎರಡೇ ಗಿಟಾರು, ಮೂರೇ ನಿಮಿಷ. ಆ ತಟ್ಟೆಯ ನಡುವಿನ ಚೀಟಿಯ ಚಿತ್ರವನ್ನೂ ತೋರಿಸಿದರು. ಅದರಲ್ಲಿ ಇದ್ದದ್ದು ಎರಡು ಹೆಸರು: ಲಾನಿ ಜಾನ್ಸನ್, ಬ್ಲೈಂಡ್ ವಿಲ್ಲಿ ಡನ್. ಎರಡನೆಯವನು ಪಾಪ, ಕುರುಡನೇ ಎಂದು ಕೇಳಿದೆ. ‘ಸಾರ್, ಎರಡನೆಯವನು ಇರಲೇ ಇಲ್ಲ’ ಎಂದ ಬ್ಯಾಂಕಿನ ಹುಡುಗ.

ಕಿವಿಗೆ ಸ್ಪಷ್ಟವಾಗಿ ಇಬ್ಬರು ಕೇಳುತ್ತಿದ್ದಾರೆ. ಚೀಟಿಯಲ್ಲಿ ಇಬ್ಬರ ಹೆಸರಿದೆ. ಆದರೆ ಒಬ್ಬ ಇರಲೇ ಇಲ್ಲ. ಹಳೆಯ ಶಾಸನಗಳ ಕೂಟಪಾಠಗಳನ್ನು ಕಂಡು ಅಭ್ಯಾಸವಾದ ನನಗೆ ಈ ಚೀಟಿಯೂ ಒಂದು ಶಾಸನದಂತೆ ಕಂಡಿತು. ಅದನ್ನು ಓದಲು ಮಾಡಿದ ಪ್ರಯತ್ನವೇ ಈ ಬರಹ.

ಮೊದಲು ಗಿಟಾರಿನ ಮಾತು. ಇಂದು ಬೀದಿಗೊಂದು ಗಿಟಾರು ಕಾಣುವಾಗ ಒಂದು ಕಾಲಕ್ಕೆ ಅದು ವಾದ್ಯಗೋಷ್ಠಿಯಲ್ಲಿ ಸ್ಥಾನವಿಲ್ಲದ ವಾದ್ಯವಾಗಿತ್ತೆಂದರೆ ನಂಬುವುದು ಕಷ್ಟ. 1925ರವರೆಗೆ ಗ್ರಾಮಫೋನ್ ಮುದ್ರಣವೆಂದರೆ ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ನುಡಿಸುವುದು. ತುತ್ತೂರಿ ಅದಕ್ಕೆ ಒಗ್ಗುತ್ತಿತ್ತು; ಚರ್ಮದ ಮುಖದ, ಕಟಕಟನೆ ನುಡಿಯುವ ಬ್ಯಾಂಜೊ ಒಗ್ಗುತ್ತಿತ್ತು. ಗಿಟಾರಿನ ಮೆಲುದನಿ ಕೊಳವೆಯ ಬಾಯಿಯಲ್ಲೇ ಸತ್ತುಹೋಗುತ್ತಿತ್ತು. 1925ರಲ್ಲಿ ಅಮೆರಿಕದ ಕಂಪೆನಿಗಳು ಮೈಕ್ರೊಫೋನ್ ಇಟ್ಟು ವಿದ್ಯುತ್ತಿನಿಂದ ಮುದ್ರಿಸತೊಡಗಿದವು. ಪಿಸುಮಾತು ಕೂಡ ತಟ್ಟೆಗೆ ಇಳಿಯುವಂತಾಯಿತು. ಕೆಲವೇ ವರ್ಷಗಳಲ್ಲಿ ಬ್ಯಾಂಜೊ ಹಿಂದೆ ಸರಿದು ಗಿಟಾರು ಮುಂದೆ ಬಂತು. ಒಂದು ಯಂತ್ರ ಬದಲಾದರೆ ಒಂದು ಕಲೆಯ ಜಾತಕವೇ ಬದಲಾಗುತ್ತದೆ.

ಎರಡನೆಯದು ಆ ತಟ್ಟೆಗಳ ಮಾರಾಟದ ಮಾತು. 1920ರ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿ ಓಕೆ ಎಂಬ ಕಂಪೆನಿಗೆ ಒಂದು ಬ್ಲೂಸ್ ಹಾಡಿದಳು. ಅದು ಯಾರೂ ಎಣಿಸದಷ್ಟು ಮಾರಾಟವಾಯಿತು. ಕಪ್ಪು ಜನರೂ ತಟ್ಟೆ ಕೊಳ್ಳುತ್ತಾರೆ ಎಂಬುದು ಆಗ ಕಂಪೆನಿಗಳಿಗೆ ಹೊಳೆಯಿತು. ಅವರಿಗಾಗಿಯೇ ಬೇರೆ ಪಟ್ಟಿ, ಬೇರೆ ಕ್ರಮಾಂಕ, ಬೇರೆ ಜಾಹೀರಾತು ಹುಟ್ಟಿದವು. ಇವಕ್ಕೆ ‘ರೇಸ್ ರೆಕಾರ್ಡ್’ಗಳೆಂದು ಹೆಸರು, ಜನಾಂಗದ ತಟ್ಟೆಗಳು ಎನ್ನಬಹುದು. ಓಕೆ ಕಂಪೆನಿಯ ಇಂಥ ತಟ್ಟೆಗಳಿಗೆ 8000ದಿಂದ ಮುಂದಿನ ಸಂಖ್ಯೆಗಳು ಮೀಸಲಾಗಿದ್ದವು. ಊರುಗಳಲ್ಲಿ ಬಿಳಿಯರಿಗೊಂದು ಬಾಗಿಲು ಕಪ್ಪುಜನರಿಗೊಂದು ಬಾಗಿಲು ಇದ್ದಂತೆ ಸಂಗೀತಕ್ಕೂ ಎರಡು ಬಾಗಿಲಾಯಿತು.

ಲಾನಿ ಜಾನ್ಸನ್ ಬಂದದ್ದು ಈ ಎರಡನೆಯ ಬಾಗಿಲಿನಿಂದ. ಹುಟ್ಟೂರು ನ್ಯೂ ಆರ್ಲಿಯನ್ಸ್. ತಂದೆಯ ಮೇಳದಲ್ಲಿ ಮನೆಮಂದಿಯೆಲ್ಲ ತಂತಿವಾದ್ಯ ನುಡಿಸುತ್ತಿದ್ದರು. ಲಾನಿ ಮೊದಲು ಕಲಿತದ್ದು ಪಿಟೀಲು. 1917ರಲ್ಲಿ ಒಂದು ನಾಟಕ ಮಂಡಳಿಯ ಜೊತೆ ಲಂಡನ್ನಿಗೆ ಹೋದ. ಎರಡು ವರ್ಷ ಕಳೆದು ಹಿಂತಿರುಗಿದಾಗ ಮನೆಯಲ್ಲಿ ಮೇಳವಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಮಾರಿ ಹೆಚ್ಚುಕಡಿಮೆ ಇಡೀ ಕುಟುಂಬವನ್ನು ಒಯ್ದಿತ್ತು. ಉಳಿದಿದ್ದವನು ಒಬ್ಬ ಅಣ್ಣ. ಅದೇ ಮಾರಿ ನಮ್ಮ ಊರುಗಳನ್ನೂ ಬರಿದುಮಾಡಿದ್ದನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಉಳಿದ ಇಬ್ಬರು ಸೇಂಟ್ ಲೂಯಿಸ್ ನಗರಕ್ಕೆ ಹೊರಟುಹೋದರು. 1925ರಲ್ಲಿ ಅಲ್ಲಿನ ಬೂಕರ್ ಟಿ. ವಾಷಿಂಗ್ಟನ್ ರಂಗಮಂದಿರದಲ್ಲಿ ವಾರಗಟ್ಟಲೆ ನಡೆದ ಬ್ಲೂಸ್ ಸ್ಪರ್ಧೆಯಲ್ಲಿ ಜಾನ್ಸನ್ ಗೆದ್ದ. ಬಹುಮಾನ, ಓಕೆ ಕಂಪೆನಿಯ ಕರಾರು. ಅಲ್ಲಿಂದ 1932ರೊಳಗೆ ನೂರಕ್ಕೂ ಹೆಚ್ಚು ಹಾಡು ಮುದ್ರಿಸಿದ. ಎಲ್ಲ ಬಗೆಯ ಸಂಗೀತವನ್ನೂ ನುಡಿಸಬಲ್ಲ ಮನುಷ್ಯನಿಗೆ ‘ಬ್ಲೂಸ್ ಗಾಯಕ’ ಎಂಬ ಚೀಟಿ ಅಂಟಿತು; ಅದು ಕೊನೆಯವರೆಗೂ ಬಿಡಲಿಲ್ಲ. 1927ರ ಡಿಸೆಂಬರಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ಮೇಳದಲ್ಲಿ, 1928ರಲ್ಲಿ ಡ್ಯೂಕ್ ಎಲಿಂಗ್ಟನ್ನನ ಮೇಳದಲ್ಲಿ ಆತ ನುಡಿಸಿದ ಗಿಟಾರನ್ನು ಕೇಳಿದವರು ಆ ಚೀಟಿ ಎಷ್ಟು ಚಿಕ್ಕದೆಂದು ಬಲ್ಲರು.

ಎರಡನೆಯವನು ಎಡ್ಡಿ ಲ್ಯಾಂಗ್. ಇದೂ ತಾಯ್ತಂದೆ ಇಟ್ಟ ಹೆಸರಲ್ಲ. 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದಾಗ ಆತ ಸಾಲ್ವಟೋರೆ ಮಸಾರೊ. ತಂದೆ ತಂತಿವಾದ್ಯಗಳನ್ನು ಮಾಡುವ ಕುಶಲಿ. ಈ ಹುಡುಗನೂ ಮೊದಲು ಕಲಿತದ್ದು ಪಿಟೀಲನ್ನೇ. ಬಾಲ್ಯದ ಗೆಳೆಯ ಜೋ ವೆನುಟಿ ಪಿಟೀಲಿಗೆ ಅಂಟಿಕೊಂಡ, ಇವನು ಗಿಟಾರಿಗೆ ಬಂದ. 1926ರಿಂದ ಈ ಜೋಡಿ ಮುದ್ರಿಸಿದ ತಟ್ಟೆಗಳು ಸಮುದ್ರ ದಾಟಿ ಪ್ಯಾರಿಸಿನವರೆಗೂ ಹೋದವು. 1927ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಯಾರಿಗೆ ಗಿಟಾರು ಬೇಕಾದರೂ ಲ್ಯಾಂಗನನ್ನೇ ಕರೆಯುತ್ತಿದ್ದರು. ಆತನ ತಟ್ಟೆಗಳು ಮಾರಾಟವಾದದ್ದು ಮೊದಲ ಬಾಗಿಲಿನಿಂದ.

1928ರ ನವೆಂಬರ್ 17ರಂದು ಈ ಇಬ್ಬರು ನ್ಯೂಯಾರ್ಕಿನ ಓಕೆ ಕಂಪೆನಿಯ ಮುದ್ರಣದ ಕೋಣೆಯಲ್ಲಿ ಜೊತೆಯಾಗಿ ಕುಳಿತು ಎರಡು ತುಣುಕು ನುಡಿಸಿದರು. 1929ರ ಮೇ ತಿಂಗಳಲ್ಲಿ ನಾಲ್ಕು. ಅದೇ ವರ್ಷ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಷೇರುಪೇಟೆ ಕುಸಿದು ಬಿದ್ದ ಅದೇ ತಿಂಗಳಲ್ಲಿ, ಇನ್ನೂ ನಾಲ್ಕು. ಒಟ್ಟು ಹತ್ತು. ಒಂದೊಂದಕ್ಕೆ ಸುಮಾರು ಮೂರು ನಿಮಿಷ. 78 ಸುತ್ತಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದೇ ಅಷ್ಟು. ಇಬ್ಬರ ಕೂಡುಸಾಹಸವೆಲ್ಲ ಸೇರಿ ಅರ್ಧ ಗಂಟೆ. ಕಾಲೇಜಿನ ಒಂದು ಪಾಠದ ಅವಧಿಗೂ ಕಡಿಮೆ.

ಆ ಅರ್ಧ ಗಂಟೆಯಲ್ಲಿ ಏನಿದೆ? ಬ್ಲೂಸ್ ಎಂಬುದು ಗುಲಾಮಗಿರಿಯ ಹೊಲಗಳ ಕೂಗು, ದುಡಿಮೆಯ ಹಾಡುಗಳ ವಂಶದಲ್ಲಿ ಹುಟ್ಟಿದ್ದು. ಸಾಮಾನ್ಯವಾಗಿ 12 ಆವರ್ತಗಳ ಚೌಕಟ್ಟು. ಮೊದಲ ಸಾಲನ್ನು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಪದ್ಧತಿ. ಅದರ ಪ್ರಾಣ ಒಂದು ಗಾಂಧಾರದಲ್ಲಿದೆ. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಅದು ನಿಲ್ಲುತ್ತದೆ. ಪಿಯಾನೊ ಮೇಲೆ ಆ ಸ್ವರಕ್ಕೆ ಮನೆಯಿಲ್ಲ. ಗಿಟಾರಿನ ತಂತಿಯನ್ನು ಬೆರಳಿನಿಂದ ಓರೆಯಾಗಿ ಎಳೆದರೆ ಸಿಕ್ಕುತ್ತದೆ. ವೀಣೆಯ ಮೆಟ್ಟಿಲಿನ ಮೇಲೆ ತಂತಿ ಎಳೆದು ಗಮಕ ತೆಗೆಯುವುದನ್ನು ಕಂಡ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾನ್ಸನ್ ಒಂದೇ ತಂತಿಯ ಮೇಲೆ ಮನುಷ್ಯನ ಕೊರಳು ನಡುಗುವಂತೆ ನಡುಗಿಸಿ ಹಾಡುತ್ತಾನೆ. ಲ್ಯಾಂಗನದು ಬೇರೆ ವಿದ್ಯೆ. ಮೂರು ನಾಲ್ಕು ಸ್ವರಗಳನ್ನು ಏಕಕಾಲಕ್ಕೆ ಮೀಟಿ ಕಟ್ಟುವ ಸ್ವರಗುಚ್ಛಗಳು, ಅವುಗಳ ಅಡಿಯಲ್ಲಿ ಮಂದ್ರದಲ್ಲಿ ನಡೆಯುವ ಒಂದು ದಾರಿ. ನಮ್ಮ ಸಂಗೀತದಲ್ಲಿ ಇದಿಲ್ಲ. ತಂಬೂರಿ ಒಂದೇ ಕಡೆ ನಿಲ್ಲುತ್ತದೆ. ಇವನ ನೆಲ ಹೆಜ್ಜೆ ಹೆಜ್ಜೆಗೂ ಜರುಗುತ್ತದೆ. ಜರುಗುವ ನೆಲದ ಮೇಲೆ ಜಾನ್ಸನ್ ಎಡವದೆ ಓಡುತ್ತಾನೆ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಹೊರಗಿನ ಜಗತ್ತಿನಲ್ಲಿ ಲ್ಯಾಂಗ್ ಬಿಳಿಯ, ಜಾನ್ಸನ್ ಕಪ್ಪುಮನುಷ್ಯ. ಲ್ಯಾಂಗನಿಗೆ ಬಾಗಿಲು ತೆರೆಯುವ ಹೋಟೆಲು ಜಾನ್ಸನ್ನನಿಗೆ ತೆರೆಯದು. ಆದರೆ ಈ ಮುದ್ರಣಗಳಲ್ಲಿ ಬಹುಪಾಲು ಮುಂದೆ ನಡೆಯುವವನು ಜಾನ್ಸನ್, ಪಕ್ಕವಾದ್ಯ ನುಡಿಸುವವನು ಲ್ಯಾಂಗ್. ಮುಂದೆ ಎಷ್ಟೋ ವರ್ಷಗಳ ಮೇಲೆ ಜಾನ್ಸನ್ ಈ ದಿನಗಳನ್ನು ನೆನೆದಾಗ, ಲ್ಯಾಂಗನಷ್ಟು ಸಮರ್ಥ ಗಿಟಾರುಗಾರನನ್ನು ತಾನು ಕೇಳಿರಲಿಲ್ಲವೆಂದೂ, ಆತ ವಾದಕ್ಕೆ ಬರುತ್ತಿರಲಿಲ್ಲ, ಹೀಗೆ ನುಡಿಸು ಎಂದು ಅಪ್ಪಣೆ ಮಾಡುತ್ತಿರಲಿಲ್ಲ, ಕೇಳುತ್ತಿದ್ದನೆಂದೂ ಹೇಳಿದ್ದಾನೆ. ‘ಕೇಳುತ್ತಿದ್ದ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಪ್ರಶ್ನೆ ಕೇಳುವುದು ಒಂದು, ಕಿವಿಗೊಡುವುದು ಇನ್ನೊಂದು. ಈ ಜೋಡಿಗೆ ಎರಡೂ ಸಲ್ಲುತ್ತವೆ.

ವ್ಯಾಕರಣದ ಪಾಠದಲ್ಲಿ ನಾವು ದ್ವಂದ್ವ ಸಮಾಸವನ್ನು ಹೇಳಿಕೊಡುತ್ತೇವೆ. ತತ್ಪುರುಷದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ದ್ವಂದ್ವದಲ್ಲಿ ಎಲ್ಲ ಪದಗಳಿಗೂ ಸಮಾನ ಪ್ರಾಧಾನ್ಯ. ಗಿರಿವನದುರ್ಗ ಎಂದರೆ ಗಿರಿಯೂ ಉಂಟು, ವನವೂ ಉಂಟು, ದುರ್ಗವೂ ಉಂಟು. ಒಂದು ಇನ್ನೊಂದರ ವಿಶೇಷಣವಲ್ಲ. ಕೇಳಿದಷ್ಟು ಹೊತ್ತು ಈ ಎರಡು ಗಿಟಾರುಗಳು ನನಗೆ ಅಂಥ ದ್ವಂದ್ವದಂತೆ ಕೇಳಿಸಿದವು. ಆದರೆ ಚೀಟಿಯಲ್ಲಿ ಆ ಸಮಾಸ ಮುರಿದಿದೆ.

ಕಾರಣ ಊಹಿಸುವುದು ಕಷ್ಟವಲ್ಲ. ತಟ್ಟೆ ಮಾರಾಟವಾಗಬೇಕಾದದ್ದು ಜನಾಂಗದ ಪಟ್ಟಿಯಲ್ಲಿ. ಅಲ್ಲಿ ಎಡ್ಡಿ ಲ್ಯಾಂಗ್ ಎಂಬ ಪ್ರಸಿದ್ಧ ಬಿಳಿಯ ಹೆಸರನ್ನು ಕಪ್ಪು ಹೆಸರಿನ ಪಕ್ಕದಲ್ಲಿ ಅಚ್ಚುಹಾಕುವುದು ಎರಡು ಬಾಗಿಲಿನ ವ್ಯವಸ್ಥೆಗೆ ಒಗ್ಗದು. ಆ ಕಾಲಕ್ಕೆ ಬ್ಲೈಂಡ್ ಲೆಮನ್ ಜೆಫರ್ಸನ್, ಬ್ಲೈಂಡ್ ಬ್ಲೇಕ್ ಮುಂತಾದ ಕಪ್ಪು ಗಿಟಾರುಗಾರರು ಹೆಸರುವಾಸಿ. ಅವರು ನಿಜವಾಗಿ ಕಣ್ಣಿಲ್ಲದವರು. ಅದೇ ಅಚ್ಚಿನಲ್ಲಿ ‘ಬ್ಲೈಂಡ್ ವಿಲ್ಲಿ ಡನ್’ ಎಂಬ ಹೆಸರನ್ನು ಎರಕಹೊಯ್ದರು. ಎರಡೂ ಕಣ್ಣು ನೆಟ್ಟಗಿದ್ದ ಇಟಲಿಯ ಮಸಾರೊ ಹೀಗೆ ಕಾಗದದ ಮೇಲೆ ಕುರುಡು ಕಪ್ಪುಮನುಷ್ಯನಾದ.

ಕಪ್ಪು ಬಿಳಿ ಕಲೆಗಾರರು ಒಂದೇ ಕೋಣೆಯಲ್ಲಿ ಕೂಡಿ ಮುದ್ರಿಸಿದ್ದು ಇದೇ ಮೊದಲು ಎಂದಲ್ಲ. 1923ರಲ್ಲಿ ಜೆಲ್ಲಿ ರೋಲ್ ಮಾರ್ಟನ್ ಒಂದು ಬಿಳಿಯ ಮೇಳದೊಡನೆ ಪಿಯಾನೊ ನುಡಿಸಿದ್ದ. 1929ರ ಮಾರ್ಚಿನಲ್ಲಿ ಆರ್ಮ್‌ಸ್ಟ್ರಾಂಗನ ಒಂದು ಮಿಶ್ರಮೇಳದ ಮುದ್ರಣಕ್ಕೆ ಗಿಟಾರು ನುಡಿಸಿದವನೂ ಲ್ಯಾಂಗನೇ. ಆದರೆ ಇವೆಲ್ಲ ಮುಚ್ಚಿದ ಕೋಣೆಯ ಸಂಗತಿ. ಮೈಕ್ರೊಫೋನಿಗೆ ಬಣ್ಣ ಕಾಣದು. ಬೆನ್ನಿ ಗುಡ್‌ಮನ್ ಎಂಬ ಬಿಳಿಯ ಮೇಳನಾಯಕ ಟೆಡ್ಡಿ ವಿಲ್ಸನ್ ಎಂಬ ಕಪ್ಪು ಪಿಯಾನೊಗಾರನನ್ನು ತನ್ನ ಪಕ್ಕದಲ್ಲಿ ಸಾರ್ವಜನಿಕರೆದುರು ಕೂರಿಸಿ ನುಡಿಸಿದ್ದು 1936ರಲ್ಲಿ, ಷಿಕಾಗೋದಲ್ಲಿ. ಅದನ್ನು ದೊಡ್ಡ ಸಾಹಸವೆಂದು ಇತಿಹಾಸಕಾರರು ಬರೆದಿದ್ದಾರೆ. ಜಾನ್ಸನ್ ಮತ್ತು ಲ್ಯಾಂಗ್ ಒಂದೇ ಗೋಷ್ಠಿಯ ವೇದಿಕೆಯ ಮೇಲೆ ಹೀಗೆ ಕೂರುವ ಕಾಲ ಬರಲೇ ಇಲ್ಲ.

ಆದ್ದರಿಂದ ಈ ಹತ್ತು ತುಣುಕುಗಳನ್ನು ಸ್ನೇಹದ ಕಥೆಯೆಂದು ಹೇಳಿ ಮುಗಿಸಲು ನನಗೆ ಮನಸ್ಸು ಒಪ್ಪದು. ಕೋಣೆಯೊಳಗೆ ಸಮಾನತೆ ನಿಜ. ಆದರೆ ಅದನ್ನು ಹೊರಗೆ ಮಾರಲು ಸುಳ್ಳೊಂದು ಬೇಕಾಯಿತು. ಸುಳ್ಳು ಹೆಸರಿನ ಕಷ್ಟವೂ ಇಬ್ಬರಿಗೆ ಸಮವಾಗಿ ಬರಲಿಲ್ಲ. ಲ್ಯಾಂಗ್ ಸಂಜೆಗೆ ಡನ್ನನ ಅಂಗಿಯನ್ನು ಕಳಚಿ ಮತ್ತೆ ಲ್ಯಾಂಗನಾಗಬಹುದಿತ್ತು. ಜಾನ್ಸನ್ನನಿಗೆ ಕಳಚಲು ಬೇರೆ ಅಂಗಿಯಿರಲಿಲ್ಲ.

ಈಗ ಸಮುದ್ರ ದಾಟಬೇಕು. ಏಕೆಂದರೆ ನಮ್ಮ ಮಹಡಿಯ ತರುಣರಿಗೆ ಗುರು ಒಬ್ಬನಲ್ಲ. ಅವರು ಬ್ಲೂಸಿನ ಜೊತೆಗೆ ಜಿಪ್ಸಿ ಜಾಸ್ ಎಂಬುದನ್ನೂ ನುಡಿಸುತ್ತಾರೆ. ನ್ಯೂಯಾರ್ಕಿನಲ್ಲಿ ಆ ಇಬ್ಬರು ಮೊದಲ ಸಲ ಕೂಡಿ ಕುಳಿತ 1928ರ ಅದೇ ಶರತ್ಕಾಲದಲ್ಲಿ, ಪ್ಯಾರಿಸಿನ ಅಂಚಿನ ಸೇಂಟ್ ಊಆನಿನಲ್ಲಿ ಒಂದು ಕುದುರೆಗಾಡಿಯ ಮನೆಗೆ ಬೆಂಕಿ ಬಿತ್ತು. ಒಳಗಿದ್ದವನು ಹದಿನೆಂಟು ವರ್ಷದ ಜಾಂಗೊ ರೈನ್‌ಹಾರ್ಟ್. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂವುಗಳಿಗೆ ಮೇಣದಬತ್ತಿಯ ಕಿಡಿ ತಗಲಿತು. ಜೀವ ಉಳಿಯಿತು, ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಸೆಟೆದುಹೋದವು. ತಂತಿಯ ಮೇಲೆ ಓಡಬೇಕಾದ ನಾಲ್ಕು ಬೆರಳುಗಳಲ್ಲಿ ಎರಡು ಹೋದಂತೆ. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವನಿಗೆ ತಮ್ಮ ಜೋಸೆಫ್ ಒಂದು ಗಿಟಾರು ತಂದುಕೊಟ್ಟ. ಉಳಿದ ಎರಡು ಬೆರಳಿನಲ್ಲಿ ಹೊಸ ದಾರಿಯನ್ನು ಕಡಿದುಕೊಂಡು ಆತ ಎದ್ದು ಬಂದ.

1932ರಲ್ಲಿ ಪ್ಯಾರಿಸಿನ ಕೆಲವು ವಿದ್ಯಾರ್ಥಿಗಳು, ಬರಿಯ ಹವ್ಯಾಸಿಗಳು, ಅಮೆರಿಕದ ತಟ್ಟೆಗಳನ್ನು ಕೂಡಿ ಕೇಳುವುದಕ್ಕಾಗಿ ಹಾಟ್ ಕ್ಲಬ್ ಎಂಬ ಸಂಘ ಕಟ್ಟಿದರು. 1934ರಲ್ಲಿ ಆ ಸಂಘದ ಹೆಸರಿನಲ್ಲಿ ಜಾಂಗೊ ಮತ್ತು ಪಿಟೀಲುಗಾರ ಸ್ಟೆಫಾನ್ ಗ್ರಪೆಲ್ಲಿ ಐವರ ಮೇಳವೊಂದನ್ನು ಕಟ್ಟಿದರು. ಡೋಲಿಲ್ಲ, ತುತ್ತೂರಿಯಿಲ್ಲ; ಎಲ್ಲವೂ ತಂತಿ. ಪಿಟೀಲು ಮತ್ತು ಗಿಟಾರಿನ ಈ ಕೂಟಕ್ಕೆ ವೆನುಟಿ ಮತ್ತು ಲ್ಯಾಂಗ್ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಬಲ್ಲವರು ನೆನೆಯುತ್ತಾರೆ. ಮೇಳದಲ್ಲಿ ಮೂರು ಗಿಟಾರೇಕೆ ಎಂಬುದಕ್ಕೆ ಒಂದು ಸ್ವಾರಸ್ಯವಾದ ಕಥೆಯುಂಟು. ಗ್ರಪೆಲ್ಲಿ ಪಿಟೀಲು ನುಡಿಸುವಾಗ ಅವನ ಹಿಂದೆ ಎರಡು ಗಿಟಾರು, ತಾನು ನುಡಿಸುವಾಗ ಹಿಂದೆ ಒಂದೇ ಗಿಟಾರು, ಇದು ಯಾವ ನ್ಯಾಯ ಎಂದು ಜಾಂಗೊ ತಕರಾರು ತೆಗೆದನಂತೆ. ಇನ್ನೊಬ್ಬ ಗಿಟಾರುಗಾರ ಬಂದ. ಮಹಾವಿದ್ವಾಂಸನಿಗೂ ಬೆನ್ನಿಗೊಬ್ಬ ಬೇಕು, ಸಾಧ್ಯವಾದರೆ ಇಬ್ಬರು.

ಹಾಗೆ ಬೆನ್ನಿಗೆ ನಿಂತವನು ಜೋಸೆಫ್. ಡೋಲಿನ ಕೆಲಸವನ್ನೂ ಬಲಗೈಯಿಂದಲೇ ಮಾಡುವ ಈ ಮೀಟಿಗೆ ಅವರು ‘ಪೊಂಪ್’ ಎನ್ನುತ್ತಾರೆ. ನೀರೆತ್ತುವ ಪಂಪು ಎಂದೇ ಅರ್ಥ. ಕೇಳುವವರು ಅಣ್ಣನನ್ನು ಕೇಳುತ್ತಾರೆ, ಕಾಲು ಕುಣಿಯುವುದು ತಮ್ಮನಿಂದ. ಆಸ್ಪತ್ರೆಗೆ ಗಿಟಾರು ತಂದವನೂ ಅವನೇ ಎಂಬುದು ಎಷ್ಟೋ ಜನಕ್ಕೆ ತಿಳಿಯದು.

ರೈನ್‌ಹಾರ್ಟ್ ಸಹೋದರರು ‘ಮನೂಷ್’ ಎಂಬ ಅಲೆಮಾರಿ ಜನ. ಈ ಹೆಸರು ನಮ್ಮ ‘ಮನುಷ್ಯ’ ಎಂಬುದರ ರೂಪವೇ. ಯುರೋಪಿನ ಈ ರೋಮಾ ಜನರ ನುಡಿ ಭಾರತೀಯ ಮೂಲದ್ದೆಂದು ರೂಡಿಗರ್ ಎಂಬ ಜರ್ಮನ್ ವಿದ್ವಾಂಸ 1782ರಲ್ಲೇ ತೋರಿಸಿದ. ಅವರಲ್ಲಿ ಎರಡಕ್ಕೆ ‘ದುಯಿ’, ಐದಕ್ಕೆ ‘ಪಂಜ್’, ನೀರಿಗೆ ‘ಪಾನಿ’, ಬೆಂಕಿಗೆ ‘ಯಾಗ್’. ಈ ಯಾಗ್ ಕೂಡ ಸಂಸ್ಕೃತದ ಅಗ್ನಿಯ ಸಂತತಿ. ನಮ್ಮ ಅಗ್ಗಿಷ್ಟಿಕೆಯ ಅಗ್ಗಿಗೆ ದಾಯಾದಿ. ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟವರು ಎಲ್ಲವನ್ನೂ ಕಳೆದುಕೊಂಡು ಮಾತನ್ನು ಉಳಿಸಿಕೊಂಡರು. ತಮ್ಮನ್ನು ತಾವು ಮನುಷ್ಯರೆಂದು ಕರೆದುಕೊಂಡರು. ಉಳಿದವರು ಹಾಗೆ ಕರೆಯಲಿಲ್ಲ. 1912ರ ಫ್ರೆಂಚ್ ಕಾನೂನೊಂದು ಅಲೆಮಾರಿಗಳೆಲ್ಲ ಮೈಯಳತೆ, ಬೆರಳಚ್ಚುಗಳ ಪುಸ್ತಿಕೆಯನ್ನು ಹೊತ್ತು ತಿರುಗಬೇಕು, ಊರೂರಿನಲ್ಲಿ ಮೊಹರು ಹಾಕಿಸಬೇಕು ಎಂದು ವಿಧಿಸಿತು. 1940ರಲ್ಲಿ ಅಲೆದಾಟವನ್ನೇ ನಿಷೇಧಿಸಿದರು. ಸಾವಿರಾರು ಜನ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟರು. ನಾಜಿಗಳು ಯುರೋಪಿನಾದ್ಯಂತ ಕೊಂದ ರೋಮಾ ಜನರ ಸಂಖ್ಯೆಯನ್ನು 2 ಲಕ್ಷದಿಂದ 5 ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಅದೇ ದಿನಗಳಲ್ಲಿ ಪ್ಯಾರಿಸು ಜಾಂಗೊನ 1940ರ ‘ನುವಾಜ್’, ಅಂದರೆ ಮೋಡಗಳು ಎಂಬ ಕೃತಿಯನ್ನು ಗುನುಗುತ್ತಿತ್ತು. ಕೀರ್ತಿ ಅವನನ್ನು ಕಾಯಿತು. ಆದರೂ 1943ರಲ್ಲಿ ಸ್ವಿಜರ್ಲೆಂಡಿಗೆ ದಾಟಲು ಹೊರಟು ಸಾಧ್ಯವಾಗದೆ ಹಿಂತಿರುಗಿದ. ಫ್ರಾನ್ಸಿನ ಶಿಬಿರಗಳ ಕೊನೆಯ ಬಂದಿಗಳು ಬಿಡುಗಡೆಯಾದದ್ದು ಯುದ್ಧ ಮುಗಿದು ವರ್ಷ ಕಳೆದ ಮೇಲೆ, 1946ರಲ್ಲಿ. ಅದರಲ್ಲಿ ತನ್ನ ಹೊಣೆಯಿದೆಯೆಂದು ಫ್ರಾನ್ಸು ಅಧ್ಯಕ್ಷರ ಬಾಯಿಂದ ಒಪ್ಪಿಕೊಂಡದ್ದು 2016ರಲ್ಲಿ.

ಮನೂಷ್ ಎಂಬ ಮಾತನ್ನು ಕಂಡು, ನೋಡಿ, ಇವರು ನಮ್ಮವರು ಎಂದು ಹೆಮ್ಮೆಪಡುವ ಆಸೆ ನನಗೂ ಆಯಿತು. ಮರುಗಳಿಗೆಯಲ್ಲಿ ಹುಬ್ಬಳ್ಳಿ ನೆನಪಾಯಿತು. ಅಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಎಂಬ ಹೆಸರಿನ ಬಡಾವಣೆಯಿದೆ. 1871ರಿಂದ 1952ರವರೆಗೆ ಈ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನು ಎಂಬುದೊಂದಿತ್ತು. ಅಲೆಮಾರಿ ಕುಲದಲ್ಲಿ ಹುಟ್ಟಿದ್ದೇ ಅಪರಾಧವೆಂದು ಪಟ್ಟಿಮಾಡಿ, ಅವರನ್ನು ಕೂಡಿಹಾಕಿ, ಹಾಜರಿ ಕೂಗುತ್ತಿದ್ದ ತಾಣಗಳಲ್ಲಿ ಅದೂ ಒಂದು. ದೂರದೇಶದ ಅಲೆಮಾರಿಯ ಗಿಟಾರಿಗೆ ತಲೆದೂಗುವಾಗ, ನಮ್ಮ ಊರಿನ ಹೊರಗೆ ಬಿಡಾರ ಹೂಡಿದವನನ್ನು ನಾವು ಯಾವ ಹೆಸರಿನಿಂದ ಕರೆದೆವು ಎಂಬುದನ್ನೂ ನೆನೆಯುವುದು ಒಳ್ಳೆಯದು.

ಇನ್ನು ಉಳಿದದ್ದು ಇವರೆಲ್ಲರ ಕೊನೆ. ಎಡ್ಡಿ ಲ್ಯಾಂಗ್ 1933ರ ಮಾರ್ಚ್ 26ರಂದು ತೀರಿಕೊಂಡ. ಗಂಟಲಿನ ಒಂದು ಸಾಮಾನ್ಯ ಶಸ್ತ್ರಚಿಕಿತ್ಸೆ ಎಡವಟ್ಟಾಯಿತು. ವಯಸ್ಸು ಮೂವತ್ತು. ಜಾಂಗೊ 1953ರ ಮೇ 16ರಂದು, 43ನೆಯ ವಯಸ್ಸಿನಲ್ಲಿ ಹೋದ. ಜೋಸೆಫ್ 1982ರವರೆಗೆ ಬದುಕಿದ. ಅಣ್ಣನ ಮಾತು ಎತ್ತದೆ ಅವನ ಹೆಸರನ್ನು ಹೇಳುವವರು ಇಂದಿಗೂ ಅಪರೂಪ.

ಲಾನಿ ಜಾನ್ಸನ್ನನ ಕಥೆ ದೀರ್ಘ. ಆರ್ಥಿಕ ಮುಗ್ಗಟ್ಟಿನಲ್ಲಿ ತಟ್ಟೆಗಳ ವ್ಯಾಪಾರ ನೆಲಕಚ್ಚಿದಾಗ ಆತ ಗಿಟಾರನ್ನು ಬದಿಗಿಟ್ಟು ಕೂಲಿಗೆ ಹೋದ. 1948ರಲ್ಲಿ ಆತನ ಒಂದು ಪ್ರೇಮಗೀತೆ ಕಪ್ಪು ಜನರ ಜನಪ್ರಿಯ ಪಟ್ಟಿಯ ತುದಿಗೇರಿತು. ಮತ್ತೆ ಮರೆವು. 1959ರಲ್ಲಿ ಫಿಲಡೆಲ್ಫಿಯಾದ ಒಬ್ಬ ರೇಡಿಯೊ ನಿರೂಪಕ, ಕ್ರಿಸ್ ಆಲ್ಬರ್ಟ್‌ಸನ್, ಆತನನ್ನು ಹುಡುಕಿ ತೆಗೆದಾಗ ಜಾನ್ಸನ್ ಅಲ್ಲಿನ ಬೆಂಜಮಿನ್ ಫ್ರಾಂಕ್ಲಿನ್ ಹೋಟೆಲಿನಲ್ಲಿ ನೆಲ ಗುಡಿಸುವ ಕೆಲಸದಲ್ಲಿದ್ದ. ಲ್ಯಾಂಗ್ ಹುಟ್ಟಿದ ಊರು ಫಿಲಡೆಲ್ಫಿಯಾ ಎಂಬುದನ್ನು ವಾಚಕರು ಮರೆತಿರಲಾರರು. ಆತ ಮತ್ತೆ ಮುದ್ರಿಸಿದ, 1963ರಲ್ಲಿ ಯುರೋಪಿಗೆ ಹೋಗಿ ಬಂದ, ಕೊನೆಗೆ ಕೆನಡಾದ ಟೊರಾಂಟೊದಲ್ಲಿ ನೆಲೆಸಿದ. 1969ರಲ್ಲಿ ಅಲ್ಲಿ ಒಂದು ಮೋಟಾರು ಬಡಿದು ಹಾಸಿಗೆ ಹಿಡಿದ. 1970ರ ಜೂನ್ 16ರಂದು ತೀರಿಕೊಂಡ. ಬದುಕಿನ ಕೊನೆಯ ಭಾಗದಲ್ಲಿ ಕೇಳಿದವರಿಗೆ, ಲ್ಯಾಂಗನೊಡನೆ ನುಡಿಸಿದ ಆ ತಟ್ಟೆಗಳೇ ತನಗೆ ಎಲ್ಲಕ್ಕಿಂತ ಅಮೂಲ್ಯವೆಂದು ಹೇಳುತ್ತಿದ್ದನಂತೆ. ನೂರಾರು ಹಾಡು ಹಾಡಿದವನು ಅರ್ಧ ಗಂಟೆಯನ್ನು ಆರಿಸಿಕೊಂಡ.

ಅನಂತರದ ಮರುಮುದ್ರಣಗಳಲ್ಲಿ ಡನ್ ಮರೆಯಾಗಿ ಲ್ಯಾಂಗ್ ಕಾಣಿಸಿಕೊಂಡಿದ್ದಾನೆ. ಇಂದು ಜಗತ್ತಿನ ನಾನಾ ಊರುಗಳಲ್ಲಿ, ಕೆಲಸ ಮುಗಿಸಿ ಮನೆಗೆ ಬಂದ ಹವ್ಯಾಸಿಗಳು ಈ ಹತ್ತು ತುಣುಕುಗಳನ್ನು ಇಬ್ಬಿಬ್ಬರಾಗಿ ಕುಳಿತು ಕಲಿಯುತ್ತಾರೆ. ಇವನ್ನು ಒಬ್ಬನೇ ನುಡಿಸಲಾಗದು ಎಂಬುದೇ ಅವುಗಳ ಹೆಚ್ಚುಗಾರಿಕೆ. ಎದುರಿಗೆ ಇನ್ನೊಬ್ಬ ಕುಳಿತಿರಲೇಬೇಕು. ಅವನು ಮುಂದೆ ಹೋದಾಗ ನೆಲವಾಗಬೇಕು, ಅವನು ನಿಂತಾಗ ತಾನು ನಡೆಯಬೇಕು.

ಕಳೆದ ಭಾನುವಾರ ಮತ್ತೆ ಮಹಡಿ ಹತ್ತಿದೆ. ತರುಣರು ಆ ಹೊತ್ತಿನ ಮುದ್ರಣವನ್ನು ಮುಗಿಸಿ ಮೊಬೈಲಿನಲ್ಲಿ ಅದಕ್ಕೊಂದು ಅಂಕಿ ಹಾಕಿ ಇಡುತ್ತಿದ್ದರು. ‘ಅಂಕಿ ಸಾಲದಪ್ಪಾ, ಊರು, ತಾರೀಖು, ಇಬ್ಬರ ಹೆಸರು ಎಲ್ಲವನ್ನೂ ಬರೆದಿಡಿ, ಮುಂದೆ ಯಾರಾದರೂ ಹುಡುಕುವವರಿರುತ್ತಾರೆ’ ಎಂದೆ. ನಮ್ಮನ್ನು ಯಾರು ಸಾರ್ ಹುಡುಕುವವರು ಎಂದು ನಕ್ಕರು. ಆದರೂ ಬರೆಯಲು ಕುಳಿತರು. ಯಾರ ಹೆಸರು ಮೊದಲು ಎಂಬಲ್ಲಿ ಕೈ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು. ವ್ಯಾಕರಣದಲ್ಲಿ ಇದಕ್ಕೆ ತೊಡಕಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರೇ ತೀರ್ಮಾನಿಸಿಕೊಂಡರು: ಈ ವಾರ ಅವನದು ಮೊದಲು, ಬರುವ ವಾರ ಇವನದು.